ಗಾರೆ ಗೋಡೆ ಇಳಿಸಿ ಇಳಿಜಾರು ದಡ: ಕೆರೆಯ 60 ಮೀಟರ್ ಅಂಚಿನ ಕೆಲಸದ ದಾಖಲೆ

ಬೆಂಗಳೂರು ಹೊರವಲಯದ ಒಂದು ಕೆರೆಯ ಮೂಡಣ ದಂಡೆಯಲ್ಲಿ, ಏರಿಗೆ ಸಂಬಂಧವಿಲ್ಲದ ಕಡೆ, 60 ಮೀಟರ್ ಉದ್ದಕ್ಕೆ ಸೈಜುಗಲ್ಲಿನ ನೆಟ್ಟಗಿನ ಗೋಡೆ ತೆಗೆದು ಮಣ್ಣಿನ ಇಳಿಜಾರು ಮಾಡಿದ್ದೇವೆ. ಜೊತೆಗೆ ಏರಿಯ ಒಳಮೈಯ 20 ಮೀಟರ್ ಕಲ್ಲುಹಾಸಿನಲ್ಲಿ ಸಿಮೆಂಟು ತುಂಬಿದ್ದ ಸಂದುಗಳನ್ನು ಪರೀಕ್ಷಿಸಿ, ಬಿಡಿಸಬಹುದಾದಲ್ಲಿ ಬಿಡಿಸಿದ್ದೇವೆ. ಫೆಬ್ರುವರಿಯಲ್ಲಿ ಅಳತೆಯಿಂದ ಶುರುವಾದ ಕೆಲಸ ಜುಲೈಗೆ ಮುಗಿಯಿತು. ಜನವರಿವರೆಗೆ ನೀರಿನಲ್ಲಿ ಕಂಡದ್ದೂ ಇಲ್ಲಿದೆ.

ದಡಕ್ಕೆ ಕಲ್ಲು ಬಳಸಬೇಕೋ ಮಣ್ಣೋ ಎಂದು ಜಗಳವಾಡುವವರು ಬಹಳ. ಆದರೆ ನೀರಿನ ಜೀವಿಗಳಿಗೆ ಮುಖ್ಯವಾಗುವುದು ಸಂದು ಇದೆಯೇ, ಇಳಿಜಾರು ಇದೆಯೇ, ನೀರಿಗೂ ಮಣ್ಣಿಗೂ ನಡುವೆ ದಾರಿ ತೆರೆದಿದೆಯೇ ಎಂಬುದು. ಅದೇ ಗ್ರಾನೈಟ್ ಕಲ್ಲು ಗಾರೆಯಲ್ಲಿ ಕೂತರೆ ಪಾಚಿ ಬಿಟ್ಟು ಹೆಚ್ಚೇನೂ ಹಿಡಿಯುವುದಿಲ್ಲ. ಗಾರೆಯಿಲ್ಲದೆ ಗುಡ್ಡೆಯಾಗಿ ಬಿದ್ದರೆ ಬಸವನಹುಳು, ಸಿಗಡಿ, ಮೀನುಮರಿ ಎಲ್ಲಕ್ಕೂ ಮನೆ. ನಮ್ಮ ಕಡೆಯ ಕೆರೆಗಳು ಒಂದು ಬದಿಗೆ ಏರಿ ಕಟ್ಟಿ ಮಾಡಿದವು. ಉಳಿದ ಕಡೆ ಕೆರೆಯಂಗಳ ನಿಧಾನವಾಗಿ ಇಳಿದು ನೀರಿಗೆ ಸೇರುತ್ತಿತ್ತು. ಅಭಿವೃದ್ಧಿಯ ಹೆಸರಲ್ಲಿ ಸುತ್ತಲೂ ಗೋಡೆ ಎಬ್ಬಿಸಿ ಕೆರೆಯನ್ನು ಬಟ್ಟಲು ಮಾಡಿದಾಗ ಮೊದಲು ಕಳೆದುಹೋಗುವುದು ಮೊಣಕಾಲುದ್ದದ ನೀರಿನ ಆ ಪಟ್ಟಿಯೇ. ಬೆಳಕು ತಳ ಮುಟ್ಟುವುದು, ಗಿಡ ಬೇರೂರುವುದು, ಕಪ್ಪೆ ಮೊಟ್ಟೆಯಿಡುವುದು ಅಲ್ಲಿ.

ಹಂತ 1: ಅಳತೆ (ಫೆಬ್ರುವರಿ)

ಎಲ್ಲ ಅಳತೆಗೂ ಕೋಡಿ ಮಟ್ಟವೇ (ಕೆರೆ ತುಂಬಿದಾಗ ನೀರು ಹೊರಹರಿಯುವ ಮಟ್ಟ) ಸೊನ್ನೆ. ಕೋಡಿಯಿಂದ ಕೆಲಸದ ಜಾಗಕ್ಕೆ ಮಟ್ಟ ತರಲು ಮೇಸ್ತ್ರಿಗಳ ನೀರು ತುಂಬಿದ ಟ್ಯೂಬು ಸಾಕು. ನಡುವೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಬೇಕು. ಗುಳ್ಳೆ ಇದ್ದರೆ ಮಟ್ಟ ತಪ್ಪುತ್ತದೆ, ಮಟ್ಟ ತಪ್ಪಿದರೆ ಮುಂದೆ ಗಿಡ ಮುಳುಗುತ್ತದೆ. ಪ್ರತಿ 10 ಮೀಟರಿಗೆ ಒಂದು ಗೂಟ ನೆಟ್ಟು ಸೊನ್ನೆಯ ಗೆರೆಗೆ ಕೆಂಪು ಬಣ್ಣ ಬಳಿದಿತ್ತು.

ಗೋಡೆಯ ತಲೆ ಸೊನ್ನೆಗಿಂತ 30 ಸೆಂ.ಮೀ. ಮೇಲೆ, ಬುಡ 90 ಸೆಂ.ಮೀ. ಕೆಳಗೆ, ದಪ್ಪ 45 ಸೆಂ.ಮೀ. ಗೋಡೆಯ ಹಿಂದೆ ನಡಿಗೆ ದಾರಿವರೆಗೆ 4 ಮೀಟರ್ ಜಾಗ. ಮುಂದೆ ಕೆರೆಯೊಳಗೆ 40 ಸೆಂ.ಮೀ. ಮೆತ್ತನೆಯ ಹೂಳು, ಅದರ ಕೆಳಗೆ ಗಟ್ಟಿ ಮಣ್ಣು. ಹೂಳಿನ ಆಳವನ್ನು 12 ಎಂ.ಎಂ. ಕಂಬಿ ಚುಚ್ಚಿ ನೋಡಿದ್ದು. ಇದನ್ನು ಬಿಡಬೇಡಿ, ಮುಂದಿನ ಎರಡು ತೊಂದರೆಗಳ ಮೂಲ ಇಲ್ಲೇ ಇದೆ.

ಇಳಿಜಾರಿಗೆ 1:5 ಆರಿಸಿದ್ದು. ಎಂದರೆ 1.2 ಮೀಟರ್ ಇಳಿಯಲು 6 ಮೀಟರ್ ಅಗಲ: ಗೋಡೆಯ ಹಿಂದೆ 4 ಮೀಟರ್, ಮುಂದೆ 2 ಮೀಟರ್. ಗೋಡೆ ಇದ್ದ ಗೆರೆಯಲ್ಲಿ ಹೊಸ ನೆಲ ಸೊನ್ನೆಯಿಂದ 50 ಸೆಂ.ಮೀ. ಕೆಳಗೆ ಬರುತ್ತದೆ. ಲೆಕ್ಕ ಹೀಗೆ: ಹಿಂದೆ ಪ್ರತಿ ಮೀಟರಿಗೆ 1.6 ಘನ ಮೀಟರ್ ಮಣ್ಣು ತೆಗೆಯಬೇಕು, ಮುಂದೆ 0.4 ತುಂಬಬೇಕು. ಕೆರೆಯೊಳಗೆ ಮಣ್ಣು ಸುರಿದರೆ ಒತ್ತುವರಿ ಎಂಬ ಆಕ್ಷೇಪ ಬರುವುದು ಸಹಜ, ಬರಲೂ ಬೇಕು. ಇಲ್ಲಿ ಕೋಡಿ ಮಟ್ಟದ ಕೆಳಗೆ ಪ್ರತಿ ಮೀಟರಿಗೆ 0.625 ಘನ ಮೀಟರ್ ಹೊಸ ಜಾಗ ಸಿಕ್ಕಿ 0.4 ತುಂಬಿತು, 60 ಮೀಟರಿಗೆ ಒಟ್ಟು 13.5 ಘನ ಮೀಟರ್ ನೀರಿನ ಜಾಗ ಹೆಚ್ಚಾಯಿತು. ಈ ಲೆಕ್ಕವನ್ನು ನಕ್ಷೆಯ ಮೇಲೆ ಬರೆದು ಅರ್ಜಿಗೆ ಲಗತ್ತಿಸಿ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಲಿಖಿತ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಮುಟ್ಟಬಾರದು. ಪಾಲಿಕೆ, ಪಂಚಾಯತಿ, ಸಣ್ಣ ನೀರಾವರಿ ಇಲಾಖೆ, ಯಾರದೆಂದು ಮೊದಲು ಖಚಿತ ಮಾಡಿಕೊಳ್ಳಿ. ದಡಕ್ಕೆ ಧಕ್ಕೆ ತರುವ ಕೆಲಸಗಳನ್ನು ತಡೆಯಲು ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣಾ ಕಾಯ್ದೆಯೂ ಇದೆ.

ಹಂತ 2: ಗೋಡೆ ಇಳಿಸುವುದು (ಮಾರ್ಚ್)

ನೀರು ಆಗ ಸೊನ್ನೆಗಿಂತ 1.1 ಮೀಟರ್ ಕೆಳಗಿತ್ತು. ಗೋಡೆಯ ಬುಡ ಒಣಗಿತ್ತು. ಈ ಕೆಲಸಕ್ಕೆ ಮಾರ್ಚ್ ಬಿಟ್ಟರೆ ಏಪ್ರಿಲ್ ಮೊದಲ ವಾರ, ಅಷ್ಟೇ.

ಗೋಡೆಯ ಹಿಂದಿನ ಮೇಲ್ಮಣ್ಣು 20 ಸೆಂ.ಮೀ. ಮೊದಲು ಬೇರೆ ರಾಶಿ ಹಾಕಿಸಿ. ಗರಿಕೆ ಬೇರು, ಬೀಜ, ಎರೆಹುಳ ಇರುವುದು ಅದರಲ್ಲೇ. ಕೊನೆಗೆ ಮೇಲ್ಪದರಕ್ಕೆ ಅದೇ ಬೇಕು. ಆಮೇಲೆ ಹಿಂಬದಿಯ ಮಣ್ಣು ಸಡಿಲಿಸಿ ಗೋಡೆಯನ್ನು ದಡದ ಕಡೆಗೇ ಬೀಳಿಸಬೇಕು. ಕೆರೆಯ ಕಡೆಗೆ ಬೀಳಿಸಿದರೆ ಗಾರೆಯ ಚೂರುಗಳೆಲ್ಲ ಹೂಳಿಗೆ ಸೇರಿ ಆರಿಸಲು ಆಗುವುದಿಲ್ಲ. ಸೊನ್ನೆಯಿಂದ 60 ಸೆಂ.ಮೀ. ಕೆಳಗಿನವರೆಗೆ ಒಡೆದು, ಉಳಿದ 30 ಸೆಂ.ಮೀ. ಬುಡವನ್ನು ಹಾಗೇ ಬಿಟ್ಟಿದೆ. ಅದು ಮಣ್ಣಿನಡಿ ಹೂತು ಹೊಸ ಇಳಿಜಾರಿಗೆ ಆಧಾರವಾಗುತ್ತದೆ.

ಸಿಕ್ಕಿದ ಗೋಡೆಯ ಗಾತ್ರ 24 ಘನ ಮೀಟರ್ ಚಿಲ್ಲರೆ. ಚಮ್ಮಟಿಗೆ, ಉಳಿಯಿಂದ ಗಾರೆ ಬಡಿದು ಬಿಡಿಸಿದ ಮೇಲೆ ಬಳಕೆಗೆ ಬಂದ ಕಲ್ಲು ಸುಮಾರು 15. ಗಾರೆ ಚೂರು ಹೊರಗೆ ಹೋಯಿತು. ಕಟ್ಟಡ ಒಡೆದ ಅವಶೇಷ ಪುಕ್ಕಟೆ ಸಿಗುತ್ತದೆಂದು ದಡಕ್ಕೆ ತರಬೇಡಿ: ಅದರಲ್ಲಿ ಜಿಪ್ಸಂ, ಪೇಂಟು, ಕಲ್ನಾರು ಶೀಟಿನ ಚೂರು ಏನೆಲ್ಲ ಇರುತ್ತದೆ. ಹಳೇ ಟೈರುಗಳನ್ನು ಜೋಡಿಸಿ ದಡ ಕಟ್ಟುವುದೂ ಬೇಡ, ಟೈರಿನಿಂದ ಸತು ಬಿಡುತ್ತಲೇ ಇರುತ್ತದೆ.

ಹಂತ 3: ಇಳಿಜಾರು

ಮುಂದಿನ ತುಂಬುವ ಭಾಗಕ್ಕೆ 20 ಸೆಂ.ಮೀ. ಪದರದಂತೆ ಮಣ್ಣು ಹಾಕಿ ಕೈ ದಮ್ಮಸು. ಮೇಲಿನ 15 ಸೆಂ.ಮೀ.ಗೆ ಮಾತ್ರ ದಮ್ಮಸು ಬೇಡ, ಬೇರು ಇಳಿಯಲು ಅದು ಸಡಿಲ ಇರಬೇಕು. ಜೆಸಿಬಿಯವರು ಬಕೆಟಿನ ಬೆನ್ನಿನಿಂದ ನುಣ್ಣಗೆ ಒರೆಸಿ ಕೊಡುತ್ತಾರೆ. ನೋಡಲು ಚೆಂದ, ಆದರೆ ಆ ನುಣುಪಿನ ಮೇಲೆ ಬೀಜ ನಿಲ್ಲುವುದಿಲ್ಲ. ಗುದ್ದಲಿಯಿಂದ ಅಡ್ಡಡ್ಡ ಗೀರಿಸಿ.

ನಡಿಗೆ ದಾರಿಯಿಂದ ಇಳಿಯುವ ಮಳೆನೀರಿಗೆ ಏಪ್ರಿಲ್ ಮೊದಲ ಮಳೆಯವರೆಗೆ ಏನೂ ಏರ್ಪಾಡು ಇರಲಿಲ್ಲ. ಒಂದೇ ಮಳೆಗೆ ಇಳಿಜಾರಿನಲ್ಲಿ ಗೇಣುದ್ದ ಆಳದ ಕೊರಕಲುಗಳು ಬಿದ್ದವು, ದಾರಿಯ ಎಂ-ಸ್ಯಾಂಡ್ ಪುಡಿ ಕೆಳಗೆ ಬಂದು ಕೂತಿತು. ಪರಿಹಾರ: ದಾರಿಯ ಅಂಚಿಗೆ 40 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ತೋಡು, ಪ್ರತಿ 10 ಮೀಟರಿಗೆ ಒಂದು ಬಾಯಿ, ಬಾಯಿಯ ಕೆಳಗೆ ಉಳಿಕೆ ಕಲ್ಲುಗಳ ಹಾಸು. ಇದನ್ನು ಇಳಿಜಾರಿಗಿಂತ ಮೊದಲೇ ಮಾಡುವುದು ಸರಿಯಾದ ಕ್ರಮ.

ಹಂತ 4: ಕಲ್ಲುಗುಡ್ಡೆಗಳು

ಸೊನ್ನೆಯಿಂದ 60 ರಿಂದ 90 ಸೆಂ.ಮೀ. ಆಳದ ಪಟ್ಟಿಯಲ್ಲಿ ಆರು ಗುಡ್ಡೆ, ಒಂದೊಂದೂ 2 ಮೀಟರ್ ಉದ್ದ, 1.5 ಮೀಟರ್ ಅಗಲ, ಸುಮಾರು 70 ಸೆಂ.ಮೀ. ಎತ್ತರ. ಕಲ್ಲು 20 ರಿಂದ 40 ಸೆಂ.ಮೀ. ಗಾತ್ರದವು. ಗಾರೆ ಇಲ್ಲ, ಜೋಡಣೆಯೂ ಇಲ್ಲ. ಕೈ ತೂರುವಷ್ಟು ಸಂದು ಇರುವಂತೆ ಒಂದರ ಮೇಲೊಂದು. ಕಲ್ಲುಕಟ್ಟುವ ಕೆಲಸದವರಿಗೆ ಇದು ಕಷ್ಟ, ಅವರ ಕೈ ತಾನಾಗಿ ಸಂದು ಮುಚ್ಚುತ್ತಾ ಹೋಗುತ್ತದೆ. ಪಕ್ಕದಲ್ಲೇ ನಿಂತು ಹೇಳಬೇಕಾಯಿತು.

ಹೂಳಿನ ಮೇಲೆ ನೇರವಾಗಿ ಹಾಕಿದ ಮೊದಲ ಗುಡ್ಡೆಯ ಕೆಳಸಾಲು ಪೂರ್ತಿ ಹೂತುಹೋಯಿತು. ಕೆಳಸಾಲಿನ ಸಂದುಗಳೇ ಮರಿಮೀನಿಗೆ ಹೆಚ್ಚು ಬೇಕಾದವು. ಅದನ್ನು ಬಿಚ್ಚಿ, ಅಡಿಗೆ 40 ಎಂ.ಎಂ. ಜಲ್ಲಿ 10 ಸೆಂ.ಮೀ. ಹಾಸಿ ಮತ್ತೆ ಪೇರಿಸಿದ್ದು. ಉಳಿದ ಐದಕ್ಕೂ ಹಾಗೆಯೇ. ಆರಕ್ಕೂ ಸೇರಿ ಜಲ್ಲಿ ಎರಡು ಘನ ಮೀಟರ್ ಒಳಗೇ ಮುಗಿಯಿತು.

ಹಂತ 5: ನಾರಿನ ದಿಂಡು ಮತ್ತು ಚಾಪೆ (ಏಪ್ರಿಲ್, ಮೇ)

ತೆಂಗಿನ ನಾರು ತುಂಬಿದ ದಿಂಡು, ಅಂಗಡಿಯಲ್ಲಿ ಕಾಯರ್ ಲಾಗ್ ಎಂದೇ ಕೇಳಿ. 30 ಸೆಂ.ಮೀ. ದಪ್ಪ, 3 ಮೀಟರ್ ಉದ್ದದ 20 ದಿಂಡು. ಹಳೇ ಗೋಡೆಯ ಗೆರೆಯಿಂದ ಅರ್ಧ ಮೀಟರ್ ಮುಂದೆ, ನೆಲ ಸೊನ್ನೆಯಿಂದ 60 ಸೆಂ.ಮೀ. ಕೆಳಗಿರುವ ಕಡೆ ಒಂದೇ ಸಾಲು, ಕಲ್ಲುಗುಡ್ಡೆಗಳ ಹಿಂದೆ. ಅದರ ಕೆಲಸ ಅಲೆ ತಡೆದು, ಗಿಡ ಬೇರು ಬಿಡುವವರೆಗೆ ತುಂಬಿದ ಮಣ್ಣನ್ನು ಹಿಡಿದಿಡುವುದು. ಇಳಿಜಾರಿನ ಮೇಲೆ 700 ಜಿಎಸ್‌ಎಂ (ಚದರ ಮೀಟರಿಗೆ 700 ಗ್ರಾಂ ತೂಕದ) ನಾರಿನ ಚಾಪೆ, ಒಂದರ ಮೇಲೊಂದು 15 ಸೆಂ.ಮೀ. ಹೊದಿಕೆ. ಕೆರೆಯಲ್ಲಿ ಮೆತ್ತೆ ಆಮೆ ಇದೆ. ಅದು ದಡದ ಮೆದು ಮಣ್ಣು ತೋಡಿ ಮೊಟ್ಟೆಯಿಡುತ್ತದೆ. ಹಾಗಾಗಿ ಕೋಡಿ ಮಟ್ಟದ ಮೇಲೆ ಎರಡು ಕಡೆ ನಾಲ್ಕು ನಾಲ್ಕು ಮೀಟರ್ ಚಾಪೆಯಿಲ್ಲದೆ ಬಿಟ್ಟಿದೆ.

ದಿಂಡಿನ ಎರಡೂ ಮಗ್ಗುಲಿಗೆ 75 ಸೆಂ.ಮೀ.ಗೊಂದು ಬಿದಿರು ಗೂಟ, ಒಟ್ಟು 160. ಮೊದಲು ಹೊಡೆದ ಗೂಟ 60 ಸೆಂ.ಮೀ.ನವು. ಭರಣಿ ಮಳೆ ಜೋರಾಗಿ ಬಂದು ನೀರು ದಿಂಡಿನ ಮೇಲೇರಿದಾಗ ಆರು ದಿಂಡು ಗೂಟ ಸಮೇತ ಎದ್ದು ತೇಲಿದವು. ಕಾರಣ ಎರಡು. ಒಣ ನಾರು ನೀರು ಕುಡಿದು ಭಾರವಾಗಲು ವಾರಗಳೇ ಬೇಕು, ಅಲ್ಲಿಯವರೆಗೆ ಅದು ತೆಪ್ಪ. ಎರಡನೆಯದು, ದಿಂಡಿನಡಿ 30 ಸೆಂ.ಮೀ. ತುಂಬಿದ ಮಣ್ಣು, ಅದರ ಕೆಳಗೆ 40 ಸೆಂ.ಮೀ. ಹೂಳು, 60ರ ಗೂಟ ಗಟ್ಟಿ ನೆಲ ಮುಟ್ಟುವುದೇ ಇಲ್ಲ. ಎಲ್ಲ ಗೂಟ ಕಿತ್ತು 1.2 ಮೀಟರಿನವು ಹೊಡೆಯಬೇಕಾಯಿತು. ಗೂಟದ ತಲೆಗೆ ಕಚ್ಚು ಮಾಡಿ, ಎದುರುಬದುರು ಗೂಟಗಳಿಗೆ ದಿಂಡಿನ ಮೇಲಿಂದ ನಾರಿನ ಹಗ್ಗವನ್ನು ಅಡ್ಡ ಬಿಗಿದ ಮೇಲೆ ಒಂದೂ ಅಲುಗಿಲ್ಲ. ನೈಲಾನ್ ಹಗ್ಗ ಬೇಡ. ದಿಂಡು ಕೆಲವು ವರ್ಷಗಳಲ್ಲಿ ಕೊಳೆತು ಮಣ್ಣಾಗುತ್ತದೆ, ಹಗ್ಗ ಕೆರೆಯಲ್ಲಿ ಉಳಿದುಬಿಡುತ್ತದೆ.

ಹಂತ 6: ಏರಿಯ ಕಲ್ಲುಹಾಸು

ಇಲ್ಲಿ ಎಚ್ಚರ ಹೆಚ್ಚು. ಏರಿ ಒಡೆದರೆ ಕೆಳಗಿನ ಊರು ಮುಳುಗುತ್ತದೆ; ಇಲ್ಲಿ ಗೋಡೆ ಇಳಿಸುವ ಮಾತೇ ಇಲ್ಲ, ಮರ ನೆಡುವ ಮಾತೂ ಇಲ್ಲ. ಮರದ ಬೇರು ಸತ್ತು ಕೊಳೆತ ದಾರಿಯಲ್ಲೇ ನೀರು ಸೋರಲು ತೊಡಗುತ್ತದೆ. ಸಣ್ಣ ನೀರಾವರಿಯ ಅನುಭವವಿರುವ ಎಂಜಿನಿಯರ್ ಜೊತೆಯಲ್ಲಿ ಇದ್ದಾಗ ಮಾತ್ರ ಉಳಿ ಎತ್ತಬೇಕು.

ಹಳೆಯ ಏರಿಗಳ ಕಲ್ಲುಹಾಸು ಗಾರೆಯಿಲ್ಲದ್ದು. ನೀರು ಸರ್ರನೆ ಇಳಿದಾಗ ಏರಿಯ ಮಣ್ಣೊಳಗಿನ ನೀರು ಸಂದುಗಳಿಂದ ಹೊರಬರುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ಅದೇ ನೀರು ಹಿಂದಿನಿಂದ ಒತ್ತಿ ಕಲ್ಲುಹಾಸು ಹೊಟ್ಟೆ ಉಬ್ಬಿ ಜಾರುತ್ತದೆ. ಅಂದರೆ ಜೀವಿಗಳಿಗೆ ಒಳ್ಳೆಯದಾದ ಸಂದೇ ಏರಿಗೂ ಒಳ್ಳೆಯದು. ಆದರೆ ಒಂದು ಷರತ್ತು: ಕಲ್ಲಿನ ಹಿಂದೆ ಜಲ್ಲಿ, ಮರಳಿನ ಸೋಸುಪದರ ಇರಲೇಬೇಕು. ಇಲ್ಲದಿದ್ದರೆ ತೆರೆದ ಸಂದಿನಿಂದ ಏರಿಯ ಮಣ್ಣೇ ಸೋರಿಹೋಗುತ್ತದೆ. ಹಾಗಾಗಿ 5 ಮೀಟರಿಗೊಂದರಂತೆ ಕಲ್ಲು ಎತ್ತಿ ನೋಡಿದ್ದು. 12 ಮೀಟರ್ ಉದ್ದಕ್ಕೆ 15 ಸೆಂ.ಮೀ. ಜಲ್ಲಿ ಸಿಕ್ಕಿತು, ಅಲ್ಲಿ ಉಳಿಯಿಂದ ಪಾಯಿಂಟಿಂಗ್ (ಸಂದಿಗೆ ತುಂಬಿದ ಸಿಮೆಂಟು) ಕೆತ್ತಿ ತೆಗೆದಿದೆ, ಕಲ್ಲು ಕದಲಿಸದೆ. ಉಳಿದ 8 ಮೀಟರಿನಲ್ಲಿ ಕಲ್ಲಿನ ಹಿಂದೆ ಬರೀ ಮಣ್ಣು. ಅಲ್ಲಿ ಎತ್ತಿದ ಕಲ್ಲನ್ನು ವಾಪಸ್ ಕೂರಿಸಿ ಹಾಗೇ ಬಿಟ್ಟಿದೆ.

ಹಂತ 7: ಗಿಡ (ಜೂನ್, ಜುಲೈ)

ಮೃಗಶಿರಾ ಮಳೆಯ ಹೊತ್ತಿಗೆ ನೆಟ್ಟದ್ದು. ಎಲ್ಲವೂ ಸೊನ್ನೆಯ ಲೆಕ್ಕದಲ್ಲಿ.

ಮೇಲೆ 30 ರಿಂದ 10 ಸೆಂ.ಮೀ.: ಲಾವಂಚ ಮೂರು ಸಾಲು, ಬುಡದಿಂದ ಬುಡಕ್ಕೆ 15 ಸೆಂ.ಮೀ., ಒಟ್ಟು 1,200 ಸಸಿ. ನಡುವೆ ಗರಿಕೆ ತಾನೇ ಬಂತು.

ಮೇಲೆ 10 ರಿಂದ ಕೆಳಗೆ 10: ಬಜೆ, ಒಂದೆಲಗ, ಹೊನಗೊನ್ನೆ, ನೀರುಬ್ರಾಹ್ಮಿ. ರಾಜಕಾಲುವೆಯ ಮೇಲ್ಭಾಗದ ಶುದ್ಧ ಜಾಗದಿಂದ ಕಿತ್ತು ತಂದವು. ತರುವಾಗ ಬೇರು ತೊಳೆದು ನೋಡಿ, ನೀರಿನ ಮೇಲೆ ಹರಡುವ ಕಳೆ ಅಂತರಗಂಗೆಯ ಒಂದು ಮರಿ ಸೇರಿ ಬಂದರೂ ಕೆಲಸ ಕೆಡುತ್ತದೆ.

ಕೆಳಗೆ 10 ರಿಂದ 40: ಜೇಕಿನ ಜಾತಿಯ ಎತ್ತರದ ಹುಲ್ಲುಗಳು. ಆಪು (ಜೊಂಡು) ನೆಡಬೇಡಿ. ಅದು ಹೇಗೂ ಬರುತ್ತದೆ, ಬಂದರೆ ಮಿಕ್ಕ ಎಲ್ಲವನ್ನೂ ನುಂಗುತ್ತದೆ.

ಇನ್ನೂ ಕೆಳಗೆ: ನೈದಿಲೆ ಗಡ್ಡೆಗಳನ್ನು ಮಣ್ಣು ತುಂಬಿದ ಗೋಣಿಚೀಲದಲ್ಲಿ ಕಟ್ಟಿ, ಕಲ್ಲಿನ ಭಾರ ಹಾಕಿ ಇಳಿಸಿದ್ದು.

ಮೊದಲು ನೆಟ್ಟ ಜೇಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಸಾಮಾನ್ಯ ಗೆಂಡೆ ಮೀನು ತಳ ಕೆದಕಿ ಎಳೆ ಬೇರು ಎಬ್ಬಿಸಿತು, ಜಂಬುಕೋಳಿ ಚಿಗುರು ಕಿತ್ತಿತು. ತಡೆಯಲು ಕಟ್ಟಿದ ನೈಲಾನ್ ಬಲೆಗೆ ಒಂದು ನೀರೊಳ್ಳೆ ಹಾವು ಸಿಕ್ಕಿಕೊಂಡಿತು. ಕತ್ತರಿಯಿಂದ ಎಳೆ ಎಳೆ ಬಿಡಿಸಿ ಬಿಟ್ಟ ದಿನವೇ ಬಲೆ ತೆಗೆದು, 60 ಸೆಂ.ಮೀ. ಎತ್ತರದ ತಂತಿಯ ಕೋಳಿ ಜಾಲರಿ ಹಾಕಿದೆ. ಮರು ನೆಟ್ಟದ್ದು ಅದರೊಳಗೆ ನಿಂತಿತು. ನಾಲ್ಕು ತಿಂಗಳಾದ ಮೇಲೆ ಜಾಲರಿ ತೆಗೆಯಿರಿ. ಮೀನಿನ ಟೆಂಡರು ಹಿಡಿದವರ ಜೊತೆ ಮೊದಲೇ ಮಾತಾಡಿ: ಹುಲ್ಲುಗೆಂಡೆ ಮರಿ ಬಿಟ್ಟರೆ ದಡದ ಗಿಡಕ್ಕೆ ಎಷ್ಟು ಖರ್ಚು ಮಾಡಿದರೂ ಅದರ ಹೊಟ್ಟೆಗೇ. ಇಲ್ಲಿ ಅವರು ಕಾಟ್ಲಾ, ರೋಹು ಮಾತ್ರ ಬಿಡಲು ಒಪ್ಪಿದರು.

ಸಿಮೆಂಟು ಅನಿವಾರ್ಯವಾದಲ್ಲಿ

ಮಳೆನೀರಿನ ತೋಡಿನ ಕೊನೆಗೆ ಒಂದು ಹೂಳು ಚೇಂಬರಿಗೆ ಕಾಂಕ್ರೀಟು ಬಳಸಿದೆ. ಹಸಿ ಕಾಂಕ್ರೀಟಿನೊಳಗಿನ ನೀರಿನ ಪಿಎಚ್ 12ಕ್ಕೂ ಮೇಲೆ. ಇಡೀ ಕೆರೆಗೆ ಅದು ತಟ್ಟದು, ಆದರೆ ಬಾಯಿಯ ಎದುರಿನ ಮೊಣಕಾಲುದ್ದ ನೀರಿನ ಗೊದಮೊಟ್ಟೆಗಳಿಗೆ ತಟ್ಟುತ್ತದೆ. 28 ದಿನ ಕ್ಯೂರಿಂಗ್ ಆದಮೇಲೆ ಚೇಂಬರಿಗೆ ನೀರು ತುಂಬಿ, ಎರಡು ದಿನ ಬಿಟ್ಟು, ಪಿಎಚ್ ಪಟ್ಟಿ ಅದ್ದಿ ನೋಡಿ, ಆ ನೀರನ್ನು ಕೆರೆಗೆ ಬಿಡದೆ ದಾರಿಯಾಚೆ ಚೆಲ್ಲುವುದು. ಪಟ್ಟಿ 9ಕ್ಕಿಂತ ಕೆಳಗೆ ತೋರಿಸುವವರೆಗೆ ಇದೇ. ಹೊಸ ಸಿಮೆಂಟು ತೊಟ್ಟಿಗೆ ಮೀನು ಬಿಡುವವರು ಮಾಡುವುದೂ ಇದನ್ನೇ.

ಖರ್ಚು (60 ಮೀಟರ್ ಇಳಿಜಾರಿಗೆ, ರೂಪಾಯಿ)

ಜೆಸಿಬಿ 22 ಗಂಟೆ × 1,300: 28,600
ಹೆಚ್ಚುವರಿ ಮಣ್ಣು ಸಾಗಣೆ, ಟ್ರ್ಯಾಕ್ಟರ್ 30 ಲೋಡು × 600: 18,000
ಜಲ್ಲಿ ಒಂದು ಲೋಡು: 4,500
ನಾರಿನ ದಿಂಡು 20 × 1,350: 27,000
ನಾರಿನ ಚಾಪೆ 310 ಚ.ಮೀ. × 60: 18,600
ಬಿದಿರು, ಉದ್ದ ಗೂಟಕ್ಕೆ 32 × 180: 5,760
ಬಿದಿರು, ವ್ಯರ್ಥವಾದ ಗಿಡ್ಡ ಗೂಟ 16 × 180: 2,880
ಲಾವಂಚ 1,200 × 4: 4,800
ಕೋಳಿ ಜಾಲರಿ, ಹಗ್ಗ: 6,500
ಕೂಲಿ 46 ಆಳು × 900: 41,400

ಒಟ್ಟು 1,58,040, ಮೀಟರಿಗೆ 2,634. ಏರಿಯ ಕೆಲಸಕ್ಕೆ ಬೇರೆ 9,600, ಎಂಟು ಮೇಸ್ತ್ರಿ ಆಳಿನ ಕೂಲಿ. ಕಲ್ಲಿಗೆ ಖರ್ಚಿಲ್ಲ, ಗೋಡೆಯದೇ.

ನೀರಿನಲ್ಲಿ ಕಂಡದ್ದು

ನೋಡುವ ಕ್ರಮ ಸರಳ: 30 × 30 ಸೆಂ.ಮೀ. ಚೌಕಟ್ಟು, ಸಣ್ಣ ಕಣ್ಣಿನ ಕೈಬಲೆ, ಬಿಳಿ ಟ್ರೇ. ಒಡೆಯದೆ ಉಳಿದ ಹಳೇ ಗೋಡೆ, ಕಲ್ಲುಗುಡ್ಡೆ, ದಿಂಡು, ಜೇಕಿನ ಬುಡ, ಈ ನಾಲ್ಕೂ ಕಡೆ ಒಂದೇ ಬೆಳಗ್ಗೆ ನೋಡಬೇಕು.

ಗಾರೆ ಗೋಡೆಯನ್ನು ಕೆರೆದರೆ ಹಸಿರು ಪಾಚಿಯ ಲೋಳೆ, ಅಲ್ಲೊಂದು ಇಲ್ಲೊಂದು ಸಣ್ಣ ಬಸವನಹುಳು. ಬುಡದ ಹೂಳಿನಲ್ಲಿ ಕೆಂಪು ಹುಳಗಳು, ಉಸಿರುಗಾಳಿ ಕಡಿಮೆಯಿರುವ ಕೆಸರಿನಲ್ಲೂ ಬದುಕುವಂಥವು. ಗುಡ್ಡೆಯ ಕಲ್ಲು ಎತ್ತಿದರೆ ಅಡಿಯಲ್ಲಿ ಸಿಗಡಿ, ದೊಡ್ಡ ಬಸವನಹುಳು, ಸಂದಿಗೆ ನುಗ್ಗುವ ಬೆರಳುದ್ದದ ಮೀನು. ಏರಿಯಲ್ಲಿ ಪಾಯಿಂಟಿಂಗ್ ಬಿಡಿಸಿದ 12 ಮೀಟರಿನಲ್ಲಿ ಅಕ್ಟೋಬರಿಗೆ ಏಡಿ ಬಂದಿತ್ತು. ಅದು ಕಲ್ಲಿನ ಸಂದಿನಲ್ಲಿದ್ದರೆ ಸರಿ, ಹಿಂದಿನ ಮಣ್ಣು ಕೊರೆಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡುತ್ತಿದ್ದೇವೆ.

ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿ ಜೇಕಿನ ಕಡ್ಡಿಗಳ ಮೇಲೆ ಸಿಕ್ಕಿತು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆದು, ಕೊನೆಗೆ ಕಡ್ಡಿ ಹತ್ತಿ, ಬೆನ್ನು ಸೀಳಿ ಹೊರಬಂದು ಹಾರುತ್ತದೆ. ಪೊರೆ ಕಡ್ಡಿಗೇ ಕಚ್ಚಿಕೊಂಡಿರುತ್ತದೆ. ಒಣಹುಲ್ಲಿನ ಬಣ್ಣ, ಉಗುರಿಗಿಂತ ಸ್ವಲ್ಪ ದೊಡ್ಡದು, ಬೆನ್ನ ಸೀಳಿನಿಂದ ಬಿಳಿ ನೂಲಿನಂಥ ಎಳೆಗಳು ಹೊರಗೆ. ಬೆಳಗ್ಗೆ ಗಾಳಿ ಏಳುವ ಮೊದಲು ಎಣಿಸಬೇಕು, ಆಮೇಲೆ ಉದುರುತ್ತವೆ. ಇಳಿಜಾರಿನ ಜೇಕಿನಲ್ಲಿ ಸೆಪ್ಟೆಂಬರಿನಿಂದ ಪ್ರತಿ ಬಾರಿಯೂ ಸಿಕ್ಕಿವೆ. ಈ ಮರಿಗಳು ಸೊಳ್ಳೆಮರಿ ತಿನ್ನುತ್ತವೆ. ಗಿಡದ ದಡ ಅಂದರೆ ಸೊಳ್ಳೆ ಹೆಚ್ಚು ಎಂದು ಆಕ್ಷೇಪಿಸುವ ಅಕ್ಕಪಕ್ಕದ ಮನೆಯವರಿಗೆ ಟ್ರೇಯಲ್ಲಿ ಮರಿಯನ್ನೇ ತೋರಿಸಿ.

ಹೊರಗಿನಿಂದ ಬಂದ ಜಾತಿಯಾದ ಜಿಲೇಬಿ ಮೀನು (ತಿಲಾಪಿಯಾ) ಕಡಿಮೆಯಾಗಿಲ್ಲ. ಇಳಿಜಾರಿನ ಬರಿ ಮಣ್ಣಿನಲ್ಲಿ ಅದರ ಗಂಡು ತಟ್ಟೆಯಗಲದ ಗುಳಿ ತೋಡುತ್ತದೆ. ಗಿಡ ದಟ್ಟವಾದಲ್ಲಿ ಗುಳಿ ಇಲ್ಲ. ಎಂದರೆ ಖಾಲಿ ಬಿಟ್ಟ ಇಳಿಜಾರು ಅದಕ್ಕೇ ಅನುಕೂಲ. ಇಳಿಜಾರು ಮಾಡಿ ಗಿಡ ನೆಡದೆ ನಿಲ್ಲಿಸಬೇಡಿ.

ಗೋಡೆ ತೆಗೆಯಲು ಒಪ್ಪಿಗೆ ಸಿಗದಿದ್ದರೆ

ಗೋಡೆಯ ಬುಡಕ್ಕೆ ಮೇಲೆ ಹೇಳಿದ ಕಲ್ಲುಗುಡ್ಡೆ ಹಾಕಿ. ಪ್ರತಿ 15 ಮೀಟರಿಗೆ ಒಂದು, ಗೋಡೆಯ ತಲೆಯವರೆಗೂ ಏರುವ 1:3 ಕಲ್ಲಿನ ಇಳುಕಲು ಮಾಡಿ. ನೀರಿಗೆ ಬಿದ್ದ ಕಪ್ಪೆಮರಿ, ಆಮೆ ಹತ್ತಿ ಬರಲು ಅದೊಂದೇ ದಾರಿ. ತಂತಿಯ ಗೇಬಿಯನ್ ಪೆಟ್ಟಿಗೆ ಬಳಸುವುದಾದರೆ ಪಿವಿಸಿ ಹೊದಿಕೆಯ ತಂತಿ ತೆಗೆದುಕೊಳ್ಳಿ, ಒಳಚರಂಡಿ ನೀರು ಸೇರುವ ಕೆರೆಯಲ್ಲಿ ಬರೀ ಸತುಲೇಪ ಬೇಗ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ಸಣ್ಣ ಜಲ್ಲಿ ತುಂಬಬೇಡಿ. 15 ಸೆಂ.ಮೀ. ಮೇಲಿನ ಕಲ್ಲಾದರೆ ಮಾತ್ರ ಒಳಗೆ ಸಂದು ಉಳಿಯುತ್ತದೆ.

ಬಾಕಿ ಕೆಲಸ

ಆಪು ಮೂರು ಕಡೆ ತಲೆ ಎತ್ತಿದೆ. ಜನವರಿ ಕೊನೆಗೆ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಮಚ್ಚಿನಿಂದ ಕೊಯ್ಯಬೇಕು; ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ, ಕೆಳಗೆ ಕೊಯ್ದರೆ ಬುಡಕ್ಕೆ ಗಾಳಿ ತಪ್ಪಿ ಕೊಳೆಯುತ್ತದೆ. ಕೊಯ್ದದ್ದನ್ನು ನೀರಲ್ಲಿ ಬಿಡದೆ ದಡಕ್ಕೆ ಎಳೆದು ಹಾಕುವುದು. ಚೇಂಬರಿನ ಹೂಳು ಮೇ ಒಳಗೆ ತೆಗೆಯಬೇಕು. ಬಡಗಣ ತುದಿಯ ನಾಲ್ಕು ಗೂಟಗಳ ಹಗ್ಗ ಸಡಿಲವಾಗಿದೆ, ನೀರು ಇಳಿದ ಕೂಡಲೇ ಮರುಬಿಗಿಯುವುದು. ಅದೇ ತುದಿಯಿಂದ ಮುಂದಿನ 40 ಮೀಟರಿನ ಹೂಳಿನ ಆಳ ಕಂಬಿ ಚುಚ್ಚಿ ನೋಡಿಯಾಗಿದೆ: 70 ಸೆಂ.ಮೀ. ಅಲ್ಲಿಗೆ 1.2 ಮೀಟರಿನ ಗೂಟವೂ ಸಾಲದು, 1.6 ಬೇಕು.